ಬಾಗಿಲ ಬಳಿ ನಾಲ್ಕು ನಿಮಿಷ

ಅಪರಾಧ ಮತ್ತು ನ್ಯಾಯಾಡಳಿತವನ್ನು ಪದವಿ ತರಗತಿಗಳಲ್ಲಿ ಕಲಿಸುವ ಅಧ್ಯಾಪಕರ ಸಾಲಿನಲ್ಲಿ ನಮ್ಮ ಮೇಡಂ ಅವರ ಸ್ಥಾನ ಯಾವುದು ಎಂದು ಯಾರಾದರೂ ಕೇಳಿದರೆ, ಗೌರವದ ಸ್ಥಾನ ಎನ್ನುವುದಕ್ಕೆ ಮೊದಲೇ ತಲೆನೋವಿನ ಸ್ಥಾನ ಎಂಬ ಮಾತು ಬಾಯಿಗೆ ಬಂದುಬಿಡುತ್ತದೆ. ಅಭಿನಂದನ ಸಂಪುಟದಲ್ಲಿ ಹೀಗೆಲ್ಲ ಬರೆಯಬಾರದು ಎಂಬುದು ಸಂಪಾದಕ ಸಮಿತಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಮೂವತ್ತೊಂದು ವರ್ಷಗಳ ಕಾಲ ಒಂದು ವಿಭಾಗವನ್ನು ಕಟ್ಟಿ, ಬೆಳೆಸಿ, ಅಲ್ಲಿದ್ದ ಪ್ರತಿಯೊಬ್ಬರ ಸಹನೆಯನ್ನೂ ಅರೆದು ಪುಡಿಮಾಡಿ, ಈಗ ನಿವೃತ್ತರಾಗಿರುವ ಈ ಮಹನೀಯರ ವಿಷಯದಲ್ಲಿ ಒಂದು ಸಣ್ಣ ಸುಳ್ಳು ಬರೆದರೂ ಅದನ್ನು ಎಲ್ಲರಿಗಿಂತ ಮೊದಲು ಹಿಡಿಯುವವರು ಅವರೇ.

ಹಿಡಿದದ್ದೂ ಆಗಿದೆ. ಅಭಿನಂದನ ಸಂಪುಟವೆಂದರೆ ಸಮಾರಂಭದ ದಿನದವರೆಗೆ ಅಭಿನಂದಿತರ ಕಣ್ಣಿಗೆ ಬೀಳಬಾರದು. ನಾಲ್ಕು ತಿಂಗಳು ಸಮಿತಿ ಆ ಗುಟ್ಟನ್ನು ಕಾಪಾಡಿತು. ಐದನೆಯ ತಿಂಗಳಲ್ಲಿ ಲೇಖನಗಳ ಕಟ್ಟನ್ನು ಕೈಯಲ್ಲಿ ಹಿಡಿದ ನಮ್ಮ ಹಿರಿಯ ಅಟೆಂಡರ್, ಇಪ್ಪತ್ತಾರು ವರ್ಷಗಳ ಅಭ್ಯಾಸಬಲದಿಂದ, ಅದನ್ನು ನೇರವಾಗಿ ಮೇಡಂ ಅವರ ಮೇಜಿನ ಮೇಲಿಟ್ಟು ಬಂದರು. ಕೇಳಿದ್ದಕ್ಕೆ, "ಕೈಬರಹದ ಕಾಗದ ಅಂದ್ರೆ ಅಲ್ಲಿಗೇ ಅಲ್ವಾ ಹೋಗೋದು?" ಎಂದು ನಮ್ಮನ್ನೇ ಬೈಯುವಂತೆ ನೋಡಿದರು. ಶುಕ್ರವಾರ ಹೋದ ಕಟ್ಟು ಸೋಮವಾರ ಬೆಳಿಗ್ಗೆ ತಿರುಗಿ ಬಂತು, ಪ್ರತಿ ಪುಟದ ಅಂಚಿನಲ್ಲೂ ಕೆಂಪು ಶಾಯಿ ಹೊತ್ತು. "ಸದಾ ಹಸನ್ಮುಖಿ" ಎಂದು ಪ್ರಿನ್ಸಿಪಾಲರು ಬರೆದಿದ್ದ ಕಡೆ, "ಯಾರು ನೋಡಿದ್ದು? ತಾರೀಖು?" ಎಂದಿತ್ತು. "ಅಜಾತಶತ್ರು" ಎಂದು ಚರಿತ್ರೆಯ ಮೇಷ್ಟ್ರು ಬರೆದಿದ್ದ ಕಡೆ, "ನಮ್ಮಿಬ್ಬರಿಗೆ ಆರು ವರ್ಷ ಮಾತಿರಲಿಲ್ಲ" ಎಂದಿತ್ತು.

"ಯಾರು ನೋಡಿದ್ದು?" ಎಂಬ ಈ ಕೆಂಪು ಪ್ರಶ್ನೆಯೇ ಮೇಡಂ ಅವರ ಬೆನ್ನ ಹಿಂದಿನ ಹೆಸರು. ಮೂವತ್ತೊಂದು ತಂಡಗಳ ವಿದ್ಯಾರ್ಥಿಗಳು ಅವರನ್ನು ಹಾಗೆಯೇ ಕರೆದಿದ್ದಾರೆ.

ಆ ಕಟ್ಟಿನಲ್ಲಿದ್ದ ಒಂದು ಲೇಖನದ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ. ಬರೆದವಳು ಮೇಡಂ ಅವರ ಶಿಷ್ಯೆ, ಈಗ ಇದೇ ವಿಭಾಗದ ಅಧ್ಯಾಪಕಿ, ತನ್ನ ತಂಡದವರ ಬಾಯಲ್ಲಿ ಇಂದಿಗೂ 'ಅರ್ಧಗಂಟೆ'. ಎರಡು ಬಸ್ಸು ಬದಲಿಸಿ ಬರುತ್ತಿದ್ದ ಆಕೆ ಮೂರು ವರ್ಷವೂ ಎಲ್ಲದಕ್ಕೂ ಅರ್ಧಗಂಟೆ ತಡವಾಗಿಯೇ ಬಂದದ್ದರಿಂದ ಸಿಕ್ಕ ಹೆಸರು ಅದು. "ಮೇಡಂ ನನ್ನನ್ನು ತಾಯಿಯಂತೆ ಕಂಡರು" ಎಂದು ಆಕೆ ಬರೆದಿದ್ದಳು. ಅಂಚಿನಲ್ಲಿ ಕೆಂಪು ಶಾಯಿ ಹೇಳಿತು: "ನಿನಗೆ ತಾಯಿ ಇದ್ದರು. ನೋಡಿದ್ದನ್ನು ಬರೆ." ಅರ್ಧಗಂಟೆ ಆ ಹಾಳೆಯನ್ನು ನಾಲ್ಕು ತುಂಡು ಮಾಡಿ ಸಮಿತಿಯ ಮೇಜಿನ ಮೇಲೆ ಹಾಕಿದಳು. "ಸಾಕಾಯ್ತು ನಂಗೆ! ಹತ್ತೊಂಬತ್ತು ವರ್ಷದಿಂದ ಇದೇ ಹಾಡು. ನೋಡಿದ್ದನ್ನ ಬರೆದ್ರೆ ನಮ್ಮನೆ ವಿಷಯ ಎಲ್ಲಾ ಬರುತ್ತೆ. ಬರೀಲಾ?" ಎಂದಳು. ಅಂದು ಸಂಜೆ ತನ್ನ ಅಕ್ಕನನ್ನು ಕೇಳಿದಳು. "ಬರ್ಲಿ ಬಿಡೇ, ನಂದೇನೂ ಅಭ್ಯಂತರ ಇಲ್ಲ. ಆದ್ರೆ ನೀನು ಬರೀಬೇಡ, ಅಳ್ತಾ ಬರೀತೀಯ," ಎಂದಳಂತೆ ಅಕ್ಕ. ಹೀಗಾಗಿ ಅಕ್ಕತಂಗಿಯರಿಬ್ಬರ ಒಪ್ಪಿಗೆಯಿಂದ, ಎರಡು ಹಳೆಯ ನೋಟ್‌ಬುಕ್ಕುಗಳನ್ನು ಮುಂದಿಟ್ಟುಕೊಂಡು, ಈ ಲೇಖನವನ್ನು ಸಮಿತಿಯೇ ಬರೆಯಬೇಕಾಗಿ ಬಂದಿದೆ.

ಮೇಡಂ ಸೇವೆಗೆ ಸೇರಿದಾಗ ವಿಭಾಗವೆಂದರೆ ಸೈಕಲ್ ನಿಲ್ಲಿಸುವ ಜಾಗಕ್ಕೆ ಅಂಟಿಕೊಂಡ ಒಂದು ಕೋಣೆ, ಒಂದು ಬೀರು, ಹನ್ನೊಂದು ಜನ ವಿದ್ಯಾರ್ಥಿಗಳು. ಅಪರಾಧ ಎಂಬ ಪದವೇ ಹುಡುಗರನ್ನು ಎಳೆದು ತಂದಿತ್ತು. ಕೊಲೆ, ಸುಳಿವು, ಬೆರಳಚ್ಚು, ಬೆನ್ನಟ್ಟುವಿಕೆ ಇವೆಲ್ಲ ಮೊದಲ ವಾರದಲ್ಲೇ ಬರುತ್ತವೆ ಎಂದುಕೊಂಡು ಬಂದವರಿಗೆ ಮೇಡಂ ಮೊದಲ ದಿನವೇ ಒಂದು ನೂರು ಪುಟದ ನೋಟ್‌ಬುಕ್ಕು ತರಲು ಹೇಳಿ, ಪ್ರತಿ ಮಂಗಳವಾರ ಊರಿನ ಅತ್ಯಂತ ಕೆಳಗಿನ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂರಲು ಕಳಿಸಿದರು. ಬೆಳಿಗ್ಗೆ ಹತ್ತೂವರೆಯಿಂದ ಊಟದ ಬಿಡುವಿನವರೆಗೆ ಕೂರಬೇಕು. ಕಂಡದ್ದನ್ನು, ಕೇಳಿದ್ದನ್ನು, ಹೊತ್ತು ಹಾಕಿ ಬರೆಯಬೇಕು. 'ಪಾಪ' ಎಂದು ಬರೆಯುವಂತಿಲ್ಲ. 'ಕಳ್ಳನ ಹಾಗೆ ಕಂಡ' ಎಂದು ಬರೆಯುವಂತಿಲ್ಲ. ಹೋಗದಿದ್ದ ದಿನ 'ಹೋಗಲಿಲ್ಲ' ಎಂದು ಬರೆದರೆ ಒಂದೇ ಒಂದು ಅಂಕ ಹೋಗುತ್ತದೆ. ಹೋಗದೆ ಹೋದೆನೆಂದು ಬರೆದರೆ ಇಡೀ ಪತ್ರಿಕೆಗೆ ಸೊನ್ನೆ.

ಹುಡುಗರು ಅದಕ್ಕೆ 'ಕಾಯೋ ಪುಸ್ತಕ' ಎಂದು ಹೆಸರಿಟ್ಟರು. ಏಕೆಂದರೆ ಆ ಕೋರ್ಟಿನಲ್ಲಿ ನಡೆಯುತ್ತಿದ್ದದ್ದು ಬಹುಪಾಲು ಕಾಯುವುದೇ. ಆರೋಪಿ ಕಾಯುತ್ತಾನೆ, ಸಾಕ್ಷಿ ಕಾಯುತ್ತಾಳೆ, ಪೊಲೀಸರು ಕಾಯುತ್ತಾರೆ, ವಕೀಲರು ಬರುವುದಿಲ್ಲ, ಮುಂದಿನ ವಾಯಿದೆ. "ಇದರಿಂದ ನಾವು ಏನು ಕಲೀತೀವಿ ಮೇಡಂ?" ಎಂದು ಮೊದಲ ತಂಡದ ಒಬ್ಬ ಸಿಟ್ಟಿನಿಂದ ಕೇಳಿದ್ದಕ್ಕೆ, "ನಾಳೆ ನೀನು ಪೊಲೀಸ್ ಆದ್ರೆ ಇವರನ್ನ ಕಾಯಿಸೋದು ನೀನೇ. ಎಷ್ಟೊತ್ತು ಕಾಯಿಸ್ತೀಯ ಅಂತ ಈಗಲೇ ಗೊತ್ತಿರಲಿ," ಎಂದರಂತೆ. ಆ ಹುಡುಗ ನಿಜವಾಗಿಯೂ ಪೊಲೀಸ್ ಅಧಿಕಾರಿಯಾಗಿ ಈಚೆಗೆ ಸ್ವಯಂನಿವೃತ್ತಿ ಪಡೆದಿದ್ದಾನೆ. ಮೇಡಂ ಅವರ ಮೇಲಿನ ಅವನ ಸಿಟ್ಟು ಮಾತ್ರ ಇನ್ನೂ ಸೇವೆಯಲ್ಲಿದೆ.

ಅರ್ಧಗಂಟೆ ಸೇರಿದ್ದು ಮೇಡಂ ಅವರ ಸೇವೆಯ ಹತ್ತನೆಯ ವರ್ಷ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳ ಮದುವೆಯಾಗಿತ್ತು. ಚಿಕ್ಕವಳನ್ನು ಓದಲು ಬಿಟ್ಟದ್ದು ಅಪ್ಪನ ಮಟ್ಟಿಗೆ ಒಂದು ಪರೀಕ್ಷೆಯಂತಿತ್ತು. "ಒಂದು ಸಲ ಫೇಲಾದ್ರೂ ಸರಿ, ಅಲ್ಲಿಗೆ ಮುಗೀತು," ಎಂದು ಅವರು ಮೊದಲ ದಿನವೇ ಹೇಳಿದ್ದರು. ಎರಡನೆಯ ವರ್ಷದಲ್ಲಿ ಅಕ್ಕನ ಎಡಗೈ ಮುರಿಯಿತು. ಪಕ್ಕದ ಮನೆಯಾಕೆ ಬಲವಂತದಿಂದ ಠಾಣೆಗೆ ಕರೆದೊಯ್ದು ಭಾವನ ಮೇಲೆ ದೂರು ಕೊಡಿಸಿದಳು. ಆಮೇಲೆ ಏನಾಯಿತು ಎಂದು ಅರ್ಧಗಂಟೆ ಕೇಳಿದಾಗಲೆಲ್ಲ ಮನೆಯಲ್ಲಿ ಒಂದೇ ಉತ್ತರ: "ಅದೆಲ್ಲ ವಾಪಸ್ ತಗೊಂಡಾಯ್ತು. ನೀನು ಓದ್ಕೋ."

ಕೊನೆಯ ವರ್ಷದ ಒಂದು ಮಂಗಳವಾರ ಆಕೆ ಎಂದಿನಂತೆ ಅರ್ಧಗಂಟೆ ತಡವಾಗಿ, ಉಸಿರು ಬಿಡುತ್ತ, ಹನ್ನೊಂದು ಗಂಟೆಯ ಮೇಲೆ ಕೋರ್ಟಿನ ಬಾಗಿಲಿಗೆ ಬಂದಳು. ಒಳಗೆ ಸಾಕ್ಷಿಯ ಕಟಕಟೆಯಲ್ಲಿ ಅಕ್ಕ ನಿಂತಿದ್ದಳು. ಎಡಗೈ ಕಾಣದಂತೆ ಅದರ ಮೇಲೆ ಕೈಚೀಲ ಇಟ್ಟುಕೊಂಡಿದ್ದಳು. ಅರ್ಧಗಂಟೆಯ ಕಣ್ಣು ಆ ಕೈಚೀಲದ ಮೇಲೇ ನಿಂತಿತು. ಸರ್ಕಾರಿ ವಕೀಲರು ಕೈ ಹೇಗೆ ಮುರಿಯಿತು ಎಂದು ಕೇಳಿದರು. ಅಕ್ಕ ಚೀಲವನ್ನು ಇನ್ನಷ್ಟು ಒತ್ತಿ ಹಿಡಿದು, "ಜಾರಿ ಬಿದ್ದೆ," ಎಂದಳು. "ಯಾರೂ ಹೊಡೀಲಿಲ್ವಾ?" "ಇಲ್ಲ."

ಅರ್ಧಗಂಟೆ ಹಿಂದಕ್ಕೆ ತಿರುಗಿ, ಮೆಟ್ಟಿಲಿಳಿದು, ಸಿಕ್ಕ ಬಸ್ಸು ಹತ್ತಿದಳು. ಅದು ಮನೆಯ ದಿಕ್ಕಿನ ಬಸ್ಸಲ್ಲ ಎಂದು ಕೊನೆಯ ನಿಲ್ದಾಣದಲ್ಲಿ ಕಂಡಕ್ಟರ್ ಇಳಿಸಿದಾಗ ಗೊತ್ತಾಯಿತು.

ಆ ದಿನದ ಪುಟದಲ್ಲಿ ಏನು ಬರೆಯಬೇಕು? ಕಂಡದ್ದನ್ನು ಬರೆಯಲು ಕೈ ಬರಲಿಲ್ಲ. 'ಹೋಗಲಿಲ್ಲ' ಎಂದು ಬರೆಯಲೂ ಆಗಲಿಲ್ಲ, ಏಕೆಂದರೆ ಹೋಗಿದ್ದಳು. ಎರಡು ವಾರ ಆ ಪುಟ ಖಾಲಿ ಉಳಿಯಿತು. ನೋಟ್‌ಬುಕ್ಕು ಒಪ್ಪಿಸುವ ಹಿಂದಿನ ದಿನ ಆಕೆ ಅದರ ಹಿಂದಿನ ಮಂಗಳವಾರದ ಪುಟವನ್ನೇ ಅಕ್ಷರ ಬಿಡದೆ ನಕಲು ಮಾಡಿ, ತಾರೀಖು ಮಾತ್ರ ಬದಲಿಸಿದಳು. ಸಾಕ್ಷ್ಯದ ಮೇಲೆ ಮೂರು ವರ್ಷ ಪಾಠ ಕೇಳಿದ ವಿದ್ಯಾರ್ಥಿನಿ, "ಇಬ್ಬರು ಸಾಕ್ಷಿಗಳು ಒಂದೇ ಮಾತನ್ನ ಒಂದೇ ಥರ ಹೇಳಿದ್ರೆ ಇಬ್ಬರೂ ಒಂದೇ ವಕೀಲರ ಮನೇಲಿ ಟೀ ಕುಡಿದು ಬಂದಿದಾರೆ ಅಂತ ಅರ್ಥ" ಎಂದು ಮೇಡಂ ವರ್ಷವರ್ಷವೂ ಹೇಳುತ್ತಿದ್ದದ್ದನ್ನು ಕೇಳಿ ನಕ್ಕವಳು, ಇಂಥ ಕೆಲಸ ಮಾಡಿದಳು.

ಮೇಡಂ ಆಕೆಯನ್ನು ಅಧ್ಯಾಪಕರ ಕೋಣೆಗೆ ಕರೆಸಿ ಎರಡು ಪುಟಗಳನ್ನೂ ಅಕ್ಕಪಕ್ಕ ತೆರೆದಿಟ್ಟರು.

"ಈ ಪಾರಿವಾಳದ ಬಗ್ಗೆ ಹೇಳಮ್ಮ."

"ಕಿಟಕೀಲಿ ಬಂದು ಕೂತಿತ್ತು ಮೇಡಂ."

"ಎರಡು ವಾರಾನೂ?"

"ಹೂಂ."

"ಎಡಗಡೆ ಕಿಟಕಿಗೇ? ಹನ್ನೊಂದು ಹತ್ತಕ್ಕೇ?"

"ಹೂಂ."

"ಶಿಸ್ತಿನ ಪಾರಿವಾಳ. ನಿನಗಿಂತ ವಾಸಿ, ಹೊತ್ತಿಗೆ ಸರಿಯಾಗಿ ಬರುತ್ತೆ. ಈ ಒಂದು ಕಾಲಿಗೆ ನೀಲಿ, ಒಂದು ಕಾಲಿಗೆ ಕಪ್ಪು ಚಪ್ಪಲಿ ಹಾಕ್ಕೊಂಡ ಆರೋಪಿ? ಅವನನ್ನ ನಾಲ್ಕು ದಿನ ಮೊದಲೇ ಬಿಟ್ಟು ಕಳಿಸಿದ್ರಲ್ಲ. ಕೋರ್ಟಿನ ಮೇಲೆ ಅಷ್ಟು ಪ್ರೀತಿ ಬಂತಾ, ಸುಮ್ಮನೆ ನೋಡ್ಕೊಂಡು ಹೋಗೋಕೆ ಬಂದಿದ್ನಾ?"

'ಹೋಗಲಿಲ್ಲ' ಎಂದು ಬರೆದಿದ್ದರೆ ಒಂದು ಅಂಕದಲ್ಲಿ ಮುಗಿಯುತ್ತಿತ್ತಲ್ಲ, ಯಾಕೆ ಬರೆಯಲಿಲ್ಲ ಎಂದು ಮೇಡಂ ಮೂರು ಸಲ ಕೇಳಿದರು. ಮೂರು ಸಲವೂ ಆಕೆ ನೆಲ ನೋಡಿದಳು. ಮೇಡಂ ಸೊನ್ನೆ ಹಾಕಿದರು.

ಅಂದು ಅಧ್ಯಾಪಕರ ಕೋಣೆಯಲ್ಲಿ ನಡೆದ ಗಲಾಟೆ ಇಂದಿಗೂ ಹಿರಿಯರ ನೆನಪಿನಲ್ಲಿದೆ. ಆ ಹುಡುಗಿಗೆ ಸೊನ್ನೆ ಬಂದರೆ ಮನೆಯಲ್ಲಿ ಓದು ನಿಲ್ಲಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಚರಿತ್ರೆಯ ಮೇಷ್ಟ್ರು ಎದ್ದು ನಿಂತು, "ಒಂದು ಪಾರಿವಾಳಕ್ಕೋಸ್ಕರ ಒಂದು ಹುಡುಗಿ ಭವಿಷ್ಯ ಹಾಳು ಮಾಡ್ತೀರಾ?" ಎಂದು ಕೂಗಿದರು. "ಪಾರಿವಾಳ ಏನೂ ತಪ್ಪು ಮಾಡಿಲ್ಲ," ಎಂದರು ಮೇಡಂ. ಇಬ್ಬರ ನಡುವೆ ಆರು ವರ್ಷ ಮಾತು ನಿಂತದ್ದು ಅಂದೇ. ಇಂಥವರ ಜೊತೆ ಒಂದೇ ಕೋಣೆಯಲ್ಲಿ ಕೆಲಸ ಮಾಡುವುದು ಹೇಗೆ ಎಂದು ಅಂದಿನ ಪ್ರಿನ್ಸಿಪಾಲರು ಹಣೆ ಒತ್ತಿಕೊಂಡರು. ಆ ಒತ್ತಿಕೊಳ್ಳುವಿಕೆಯನ್ನು ಆಮೇಲೆ ಬಂದ ಮೂವರು ಪ್ರಿನ್ಸಿಪಾಲರೂ ಮುಂದುವರಿಸಿದರು.

ಆದರೆ ಮಾರನೆಯ ಬೆಳಿಗ್ಗೆ ನಿಯಮಾವಳಿಯ ಹಳದಿ ಪುಸ್ತಕ ಹಿಡಿದು ಪರೀಕ್ಷಾ ವಿಭಾಗದ ಬಾಗಿಲು ತೆರೆಯುವುದನ್ನೇ ಕಾಯುತ್ತ ನಿಂತಿದ್ದವರೂ ಮೇಡಂ ಅವರೇ. ಕ್ಷೇತ್ರಕಾರ್ಯದ ಪತ್ರಿಕೆಯನ್ನು ರಜೆಯಲ್ಲಿ ಮತ್ತೆ ಮಾಡಿ, ಫಲಿತಾಂಶ ಹೊರಬೀಳುವ ಮೊದಲು ಒಪ್ಪಿಸಬಹುದು ಎಂಬ ನಿಯಮ ಅದರಲ್ಲಿತ್ತು. ಬರೆದವರೇ ಮರೆತಿದ್ದ ನಿಯಮ. ಆರು ವಾರ, ವಾರಕ್ಕೆ ಮೂರು ದಿನ, ಒಟ್ಟು ಹದಿನೆಂಟು ದಿನ ಅರ್ಧಗಂಟೆ ಕೋರ್ಟಿನಲ್ಲಿ ಕೂರಬೇಕು. ನಕಲು ಮಾಡಿದ ಆ ಒಂದು ಪುಟವನ್ನು ಹೊಸದಾಗಿ ಬರೆಯಬೇಕು. ಮೇಲ್ವಿಚಾರಣೆಗೆ ಒಬ್ಬ ಅಧ್ಯಾಪಕರು ಜೊತೆಗಿರಬೇಕು. ರಜೆಯಲ್ಲಿ ಯಾವ ಅಧ್ಯಾಪಕರು ಬರುತ್ತಾರೆ? ಮೇಡಂ ತಮ್ಮ ರಜೆಯನ್ನು ಬರೆದುಕೊಟ್ಟರು.

ಈ ಹದಿನೆಂಟು ದಿನಗಳ ಬಗ್ಗೆ ಅರ್ಧಗಂಟೆ ಇಂದಿಗೂ ಹಲ್ಲು ಕಚ್ಚಿಕೊಂಡೇ ಮಾತಾಡುತ್ತಾಳೆ. ಮೇಡಂ ಆಕೆಯ ಪಕ್ಕದಲ್ಲೇ, ಬಾಗಿಲು ಮತ್ತು ಕಟಕಟೆ ಎರಡೂ ಕಾಣುವ ತಮ್ಮ ಮಾಮೂಲಿ ಮೂಲೆಯಲ್ಲಿ ಕೂರುತ್ತಿದ್ದರು. ಸಮಾಧಾನದ ಒಂದು ಮಾತಿಲ್ಲ. ಬಿಡುವಿನಲ್ಲಿ ತಮ್ಮ ಡಬ್ಬಿಯ ಬ್ರೆಡ್ಡನ್ನೂ ಬೇಯಿಸಿದ ಮೊಟ್ಟೆಯನ್ನೂ ಕೇಳದೆ ಎರಡು ಪಾಲು ಮಾಡಿ, "ತಿನ್ನು. ಹೊಟ್ಟೆ ಹಸಿದೋರು ಗಡಿಯಾರ ತಪ್ಪು ನೋಡ್ತಾರೆ," ಎನ್ನುವರು. ಹೊಸ ದಿನಗಳ ಪುಟಗಳನ್ನು ಅರ್ಧಗಂಟೆ ಒಂದು ಕೊಂಕಿಲ್ಲದೆ ತುಂಬಿಸಿದಳು. ಆ ಹಳೆಯ ಒಂದು ಪುಟ ಮಾತ್ರ ಖಾಲಿಯೇ ಉಳಿಯಿತು. ಪ್ರತಿ ಸಂಜೆ ಮೇಡಂ ಅದನ್ನು ತೆರೆದು ನೋಡಿ, ಮುಚ್ಚಿ, ಏನೂ ಹೇಳದೆ ಹೊರಡುವರು. ಬೈದಿದ್ದರೆ ವಾಸಿಯಿತ್ತು ಎಂದು ಆಕೆಗೆ ಅನಿಸುತ್ತಿತ್ತು.

ಹದಿನೆಂಟನೆಯ ದಿನ, ಕೋರ್ಟಿನ ಹೊರಗಿನ ಮೊಗಸಾಲೆಯ ಬೆಂಚಿನ ಮೇಲೆ, ಮೇಡಂ ತಮ್ಮದೇ ನೋಟ್‌ಬುಕ್ಕನ್ನು ತೆರೆದು ಆಕೆಯ ತೊಡೆಯ ಮೇಲಿಟ್ಟರು. ಮಂಗಳವಾರಗಳಂದು ಆ ಮೂಲೆಯಲ್ಲಿ ಕೂರುತ್ತಿದ್ದ ಮೇಡಂ, ವಿದ್ಯಾರ್ಥಿಗಳಿಗೆ ವಿಧಿಸಿದಂತೆ ತಾವೂ ಹೊತ್ತು ಹಾಕಿ ಬರೆಯುತ್ತಿದ್ದರು ಎಂಬುದು ಅಲ್ಲಿಯವರೆಗೆ ಆಕೆಗೆ ಗೊತ್ತಿರಲಿಲ್ಲ. ಆ ಪುಟ ಈಗ ಈ ಲೇಖನ ಬರೆಯುವ ಮೇಜಿನ ಮೇಲಿದೆ. ಇದ್ದದ್ದು ಇದ್ದಂತೆ:

"11.05: ಬಾಗಿಲಲ್ಲಿ ಒಬ್ಬ ವಿದ್ಯಾರ್ಥಿನಿ. 11.06: ಸಾಕ್ಷಿಗೆ ಪ್ರಶ್ನೆ, ಕೈ ಹೇಗೆ ಮುರಿಯಿತು. ಉತ್ತರವಿಲ್ಲ. 11.07: ಸಾಕ್ಷಿ ಬಾಗಿಲ ಕಡೆ ನೋಡಿದಳು. 11.08: 'ಜಾರಿ ಬಿದ್ದೆ' ಎಂದಳು. 11.09: ಬಾಗಿಲಲ್ಲಿ ವಿದ್ಯಾರ್ಥಿನಿ ಇಲ್ಲ."

ಅರ್ಧಗಂಟೆ ಅದನ್ನು ಎಷ್ಟು ಸಲ ಓದಿದಳೋ. ಅಕ್ಕ ತನ್ನನ್ನು ನೋಡಿದ್ದಳು. ನೋಡಿ, ಆಮೇಲೆ ಸುಳ್ಳು ಹೇಳಿದ್ದಳು. ಅಲ್ಲಿಂದೀಚೆಗೆ ಅಕ್ಕ ತವರಿಗೆ ಬಾರದಿದ್ದದ್ದು, ಫೋನಿನಲ್ಲಿ ತಂಗಿಯನ್ನು ಕೇಳದೆ ಅಮ್ಮನ ಜೊತೆ ಮಾತು ಮುಗಿಸುತ್ತಿದ್ದದ್ದು, ಎಲ್ಲವೂ ಆ 11.07ಕ್ಕೆ ಬಂದು ಕೂತವು.

"ನಿಮಗೆ ಗೊತ್ತಿತ್ತಾ ಮೇಡಂ?" ಎಂದಳು. ಧ್ವನಿ ಏರಿತ್ತು. "ಗೊತ್ತಿದ್ದೂ ಸೊನ್ನೆ ಹಾಕಿದ್ರಾ? ಗೊತ್ತಿದ್ದೂ ಹದಿನೆಂಟು ದಿನ ಇಲ್ಲಿ ಕೂರಿಸಿದ್ರಾ?"

"ನನಗೆ ಗೊತ್ತಿರೋದು ನನ್ನ ಪುಟದಲ್ಲಿದೆ," ಎಂದರು ಮೇಡಂ. "ಆಕೆ ನಿನಗೆ ಯಾರು, ನೀನ್ಯಾಕೆ ಓಡಿದೆ, ಅದು ನನಗೆ ಗೊತ್ತಿಲ್ಲ. ಕೇಳೋದೂ ಇಲ್ಲ. ಆದ್ರೆ ನೀನು ಬಾಗಿಲ ತನಕ ಬಂದಿದ್ದೆ. ಅಷ್ಟನ್ನಾದ್ರೂ ಬರಿ."

ಆಕೆ ಬರೆದಳು. ಬಾಗಿಲು, ಕಟಕಟೆ, ಕೈಚೀಲ, ಪ್ರಶ್ನೆ, ಉತ್ತರ. ಕೊನೆಯಲ್ಲಿ ತಡೆಯಲಾರದೆ, "ಸಾಕ್ಷಿ ನನ್ನ ಅಕ್ಕ. ಅವಳು ಜಾರಿ ಬೀಳಲಿಲ್ಲ. ಕೈ ಮುರಿದದ್ದು ಭಾವ," ಎಂದು ಸೇರಿಸಿದಳು. ಮೇಡಂ ಓದಿದರು. ಆ ಕ್ಷಣದಲ್ಲಾದರೂ ಹೆಗಲ ಮೇಲೆ ಕೈಯಿಡುತ್ತಾರೆ ಎಂದು ಆಕೆ ಅಂದುಕೊಂಡಿದ್ದಳಂತೆ. ಮೇಡಂ ಚೀಲದಿಂದ ಕೆಂಪು ಪೆನ್ನು ತೆಗೆದು ಕೊನೆಯ ವಾಕ್ಯದ ಪಕ್ಕ ಬರೆದರು: "ಯಾರು ನೋಡಿದ್ದು?"

ಯಾರಿಗಾದರೂ ಆ ಪೆನ್ನನ್ನು ಕಿತ್ತು ಕಿಟಕಿಯಾಚೆ ಎಸೆಯಬೇಕೆನಿಸುತ್ತದೆ. ಅರ್ಧಗಂಟೆಗೂ ಅನಿಸಿತು. ಆದರೆ ಆ ಪ್ರಶ್ನೆಗೆ ಆಕೆಯ ಬಳಿ ಉತ್ತರವಿತ್ತು, ಒಂದೂವರೆ ವರ್ಷದಿಂದ ಯಾರೂ ಕೇಳದ, ಆಕೆಯೂ ಯಾರಿಗೂ ಹೇಳದ ಉತ್ತರ. ಕೆಂಪು ಶಾಯಿಯ ಕೆಳಗೆ ಬರೆದಳು: "ನಾನು. ಅಕ್ಕನ ಮನೆಗೆ ಹೋಗಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಯಾರಿಗೂ ಹೇಳಬೇಡ ಎಂದು ಅಪ್ಪ ಹೇಳಿದರು. ಹೇಳಲಿಲ್ಲ."

ಮೇಡಂ ಆ ಸಾಲುಗಳನ್ನು ಎರಡು ಸಲ ಓದಿದರು. ಆಮೇಲೆ ನೂರಕ್ಕೆ ನಲವತ್ತು ಅಂಕ ಹಾಕಿದರು. ಪಾಸಾಗಲು ಬೇಕಾದಷ್ಟು, ಒಂದೂ ಹೆಚ್ಚಿಲ್ಲ. "ಕೈಬರಹ ಓದೋಕಾಗಲ್ಲ," ಎಂದು ಕಾರಣ ಕೊಟ್ಟರು.

ಎರಡು ನೋಟ್‌ಬುಕ್ಕುಗಳನ್ನೂ ಆಕೆ ಅಕ್ಕನ ಬಳಿ ಒಯ್ದಳು. ಮೇಡಂ ತಮ್ಮದನ್ನು ಕೊಟ್ಟದ್ದೇ ಒಂದು ದೊಡ್ಡ ಸಂಗತಿ. ಅದನ್ನವರು ಪ್ರಿನ್ಸಿಪಾಲರಿಗೂ ತೋರಿಸಿದವರಲ್ಲ. ಅಕ್ಕ ಓದಿ, "ಇಲ್ಲಿಟ್ಟು ಹೋಗು," ಎಂದಳು, ಅಷ್ಟೇ. ಒಂದು ವಾರ ಕಳೆದ ಮೇಲೆ ಫೋನು ಮಾಡಿದಳು. "ಲೇ, ನಿಮ್ಮ ಮೇಡಂ ಯಾವ ಹೊತ್ತಿಗೆ ಸಿಗ್ತಾರೆ?"

ಕೇಸಿನ್ನೂ ಮುಗಿದಿರಲಿಲ್ಲ, ಆ ಕೋರ್ಟಿನಲ್ಲಿ ಯಾವುದೂ ಅಷ್ಟು ಬೇಗ ಮುಗಿಯುವುದಿಲ್ಲ. ಒಮ್ಮೆ ಹೇಳಿದ ಸಾಕ್ಷಿಯನ್ನು ಮತ್ತೆ ಕರೆಸಬೇಕಾದರೆ ಸರ್ಕಾರಿ ವಕೀಲರ ಅರ್ಜಿ ಬೇಕು. ಅದಕ್ಕೆ ಮೊದಲು ತಂಗಿಯ ಹೇಳಿಕೆ ಠಾಣೆಯಲ್ಲಿ ದಾಖಲಾಗಬೇಕು. ಮೂವರೂ ಠಾಣೆಗೆ ಹೋದರು. "ಒಂದೂವರೆ ವರ್ಷ ಆದ್ಮೇಲೆ ಈಗ ನೆನಪಾಯ್ತಾ? ಕೂತ್ಕೊಳ್ಳಿ, ಸಾಹೇಬ್ರು ಬರ್ತಾರೆ," ಎಂದ ಮುಖ್ಯ ಪೇದೆ. ಸಾಹೇಬರು ಒಳಗೇ ಇದ್ದರು. ಮೇಡಂ ಜಗಳವಾಡಲಿಲ್ಲ, ಯಾರ ಹೆಸರೂ ಹೇಳಲಿಲ್ಲ. ಬೆಂಚಿನ ಮೇಲೆ ಕೂತು ನೋಟ್‌ಬುಕ್ಕು ತೆರೆದರು. ಬೆಳಿಗ್ಗೆ ಹತ್ತಕ್ಕೆ ಕೂತವರು ಮಧ್ಯಾಹ್ನ ಮೂರಾದರೂ ಬರೆಯುತ್ತಲೇ ಇದ್ದರು. ಕೊನೆಗೆ ಇನ್ಸ್‌ಪೆಕ್ಟರೇ ತಾಳ್ಮೆಗೆಟ್ಟು ಹೊರಗೆ ಬಂದರು.

"ಏನ್ ಬರೀತಿದೀರಿ ಮೇಡಂ, ಆವಾಗ್ಲಿಂದ?"

"ನೀವು ಎಷ್ಟು ಟೀ ಕುಡಿದ್ರಿ, ಇವರನ್ನ ಎಷ್ಟೊತ್ತು ಕಾಯಿಸಿದ್ರಿ ಅಂತ. ನಾಲ್ಕು ಟೀ, ಐದು ಗಂಟೆ ಎರಡು ನಿಮಿಷ. ತಪ್ಪಿದ್ರೆ ಹೇಳಿ, ತಿದ್ಕೋತೀನಿ."

ಹತ್ತು ನಿಮಿಷದಲ್ಲಿ ಹೇಳಿಕೆ ದಾಖಲಾಯಿತು. ಇನ್ಸ್‌ಪೆಕ್ಟರು ಹೋಗುವಾಗ, "ಟೀ ಮೂರೇ, ಒಂದು ಕಾಫಿ," ಎಂದರು. ಮೇಡಂ ತಿದ್ದಿಕೊಂಡರು.

ಅಕ್ಕ ಎರಡನೆಯ ಸಲ ಕಟಕಟೆ ಹತ್ತಿದ ದಿನ ಅರ್ಧಗಂಟೆ ಹತ್ತು ಗಂಟೆಗೇ ಕೋರ್ಟಿನಲ್ಲಿದ್ದಳು. ಆಕೆಯ ಜೀವನದಲ್ಲಿ ಅದು ಹೊಸ ಅನುಭವ. ಆಕೆಯೂ ಸಾಕ್ಷಿಯಾದ್ದರಿಂದ ಒಳಗೆ ಬಿಡಲಿಲ್ಲ. ಹೊರಗಿನ ಮೊಗಸಾಲೆಯಲ್ಲಿ ಕೂತು ಕಾದಳು. ಒಳಗೆ ನಡೆದದ್ದನ್ನು ಆಕೆ ತಿಳಿದದ್ದು ಮೇಡಂ ಅವರ ಪುಟದಿಂದ. ಭಾವನ ವಕೀಲರು ಅಕ್ಕನನ್ನು ಕೇಳಿದ್ದರು: "ಹಾಗಾದ್ರೆ ಮೊದಲು ಹೇಳಿದ್ದು ಸುಳ್ಳಾ?" ಅಕ್ಕ: "ಹೌದು." "ಯಾಕೆ ಸುಳ್ಳು ಹೇಳಿದ್ರಿ?" ಅದಕ್ಕೆ ಅಕ್ಕ ಕೊಟ್ಟ ಉತ್ತರವನ್ನು ಮೇಡಂ ಒಂದಕ್ಷರ ಬಿಡದೆ ಬರೆದುಕೊಂಡಿದ್ದಾರೆ: "ನಾನು ನಿಜ ಹೇಳಿದ್ರೆ ನನ್ನ ತಂಗಿ ಓದು ಬಿಡಿಸ್ತೀನಿ ಅಂತ ಅಪ್ಪ ಹೇಳಿದ್ರು. ಆವತ್ತು ಹೇಳಿಬಿಡೋಣ ಅಂತಲೇ ಬಂದಿದ್ದೆ. ಬಾಗಿಲ ಕಡೆ ನೋಡಿದೆ. ಅವಳು ಕಾಲೇಜಿನ ಬ್ಯಾಗ್ ಹಿಡ್ಕೊಂಡು ನಿಂತಿದ್ಲು."

ಈ ಸಾಲಿನ ಪಕ್ಕ ಹೊತ್ತು ಬರೆದಿಲ್ಲ. ಮೇಡಂ ಅವರ ಇಪ್ಪತ್ತು ಚಿಲ್ಲರೆ ನೋಟ್‌ಬುಕ್ಕುಗಳಲ್ಲಿ ಹೊತ್ತು ಬರೆಯಲು ಮರೆತ ಸಾಲು ಅದೊಂದೇ. ವಿಭಾಗದ ಬೀರುವಿನಲ್ಲಿ ಅವರು ಬಿಟ್ಟುಹೋದ ಎಲ್ಲವನ್ನೂ ಸಮಿತಿ ತಿರುವಿ ನೋಡಿದೆ.

ಭಾವನಿಗೆ ಶಿಕ್ಷೆಯಾಯಿತು, ಸಣ್ಣದು. ಹನ್ನೊಂದು ವಾಯಿದೆಗಳ ನಂತರ. ಹನ್ನೊಂದಕ್ಕೂ ಮೇಡಂ ಹೋಗಿದ್ದರು. ಅಕ್ಕ ಬೇರೆ ಮನೆ ಮಾಡಿದಳು. ಈಗ ಒಂದು ದೊಡ್ಡ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಅವಳ ಕೈಕೆಳಗಿನವರು ಮೇಡಂ ಅವರ ವಿದ್ಯಾರ್ಥಿಗಳಷ್ಟೇ ಗೊಣಗುತ್ತಾರೆ ಎಂದು ಕೇಳಿದ್ದೇವೆ. ಅಪ್ಪ ಮಾತ್ರ ಕಾಲೇಜು ಬಿಡಿಸುವ ಮಾತನ್ನು ಮತ್ತೆ ಎತ್ತಲಿಲ್ಲ. ತಮ್ಮ ಮಾತು ಕೋರ್ಟಿನ ದಾಖಲೆಯಲ್ಲಿ ಸೇರಿಹೋಗಿದೆ ಎಂಬ ಅಂಜಿಕೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಅರ್ಧಗಂಟೆ ಮುಂದೆ ಓದಿ ಇದೇ ವಿಭಾಗಕ್ಕೆ ಬಂದಾಗ ಮೇಡಂ ಅವರಿಂದ ಸ್ವಾಗತದ ಮಾತು ನಿರೀಕ್ಷಿಸಿದ್ದರೆ ಅದು ಆಕೆಯ ತಪ್ಪು. "ಹತ್ತೂವರೆ ಅಂದ್ರೆ ಹತ್ತೂವರೆ," ಎಂದಷ್ಟೇ ಹೇಳಿ ಮೂಲೆಯ ಮೇಜು ತೋರಿಸಿದರು. ಆಮೇಲಿನ ಹದಿನಾಲ್ಕು ವರ್ಷಗಳಲ್ಲಿ ಆಕೆಯ ಪ್ರತಿ ಪ್ರಬಂಧವನ್ನೂ, ಪ್ರತಿ ಪ್ರಶ್ನೆಪತ್ರಿಕೆಯನ್ನೂ, ಒಮ್ಮೆ ಆಕೆಯ ರಜೆ ಅರ್ಜಿಯನ್ನೂ ಕೆಂಪು ಶಾಯಿಯಲ್ಲಿ ತಿದ್ದಿದ್ದಾರೆ. ಆಕೆ ಬಡ್ತಿಗೆ ಅರ್ಜಿ ಹಾಕಿದಾಗ ಶಿಫಾರಸು ಪತ್ರದಲ್ಲಿ "ತಡವಾಗಿ ಬರುತ್ತಾಳೆ, ಆದರೆ ಬರುತ್ತಾಳೆ" ಎಂದು ಬರೆದರು. ಬಡ್ತಿ ಸಿಕ್ಕಿತು. ಆಯ್ಕೆ ಸಮಿತಿಯವರು ಅಷ್ಟು ನಂಬಲರ್ಹವಾದ ಶಿಫಾರಸನ್ನು ತಮ್ಮ ಸೇವಾವಧಿಯಲ್ಲೇ ಓದಿರಲಿಲ್ಲವಂತೆ.

ಕಳೆದ ತಿಂಗಳ ಕೊನೆಯ ದಿನ ಮೇಡಂ ನಿವೃತ್ತರಾದರು. ಬೀರುವಿನ ಬೀಗದ ಕೈಯನ್ನು ಅರ್ಧಗಂಟೆಯ ಮೇಜಿನ ಮೇಲಿಟ್ಟು, "ಮಂಗಳವಾರ ಇನ್ನು ನಿಂದು. ನಾನು ಆ ಕಡೆ ತಲೆ ಹಾಕಲ್ಲ. ಮೂವತ್ತೊಂದು ವರ್ಷ ಆ ಬೆಂಚು ಸಹಿಸ್ಕೊಂಡಿದೀನಿ, ಸಾಕು," ಎಂದರು. ಸಮಾರಂಭಕ್ಕೂ ಬರುವುದಿಲ್ಲ ಎಂದಿದ್ದಾರೆ. ಬರುತ್ತಾರೋ ಇಲ್ಲವೋ ಎಂಬುದನ್ನು ಆಮಂತ್ರಣ ಪತ್ರಿಕೆಯಲ್ಲಿ ಹೇಗೆ ಅಚ್ಚು ಹಾಕಿಸಬೇಕೆಂದು ಸಮಿತಿ ಇನ್ನೂ ತಲೆ ಕೆಡಿಸಿಕೊಳ್ಳುತ್ತಿದೆ.

ಅವರಿಗೆ ಆರೋಗ್ಯ ಇರಲಿ, ಕಣ್ಣು ಚುರುಕಾಗಿರಲಿ, ಕೆಂಪು ಪೆನ್ನಿನ ಶಾಯಿ ಒಣಗದಿರಲಿ ಎಂದು ಕಾಲೇಜಿನ ಎಲ್ಲರೂ, ಆರು ವರ್ಷ ಮಾತು ಬಿಟ್ಟಿದ್ದ ಚರಿತ್ರೆಯ ಮೇಷ್ಟ್ರೂ ಸೇರಿ, ಹಾರೈಸುತ್ತೇವೆ. ಈ ಹಾರೈಕೆಗೂ ಅಂಚಿನಲ್ಲಿ ಒಂದು ಪ್ರಶ್ನೆ ಬೀಳುತ್ತದೆ ಎಂಬುದು ಗೊತ್ತಿರುವುದರಿಂದ, ಸಾಕ್ಷ್ಯವಾಗಿ, ನಿವೃತ್ತಿಯ ನಂತರದ ಮೊದಲ ಮಂಗಳವಾರದಂದು ಅರ್ಧಗಂಟೆ ಹೊಸ ತಂಡದೊಂದಿಗೆ ಕೋರ್ಟಿನ ಹಿಂದಿನ ಬೆಂಚಿನ ಮೂಲೆಯಲ್ಲಿ ಕೂತು ಬರೆದ ಪುಟದ ಎರಡು ಸಾಲುಗಳನ್ನು ಇಲ್ಲಿ ಸೇರಿಸಿದೆ:

"11.05: ಬಾಗಿಲಲ್ಲಿ ಒಬ್ಬರು ನಿವೃತ್ತ ಅಧ್ಯಾಪಕಿ.

11.09: ಇನ್ನೂ ಇದ್ದಾರೆ."